ಆ ಪ್ರಾಣಿಗೆ ಕಣ್ಣೇ ಇಲ್ಲ

‘ಏಲಿಯನ್’ ಸಿನಿಮಾ 117 ನಿಮಿಷದ್ದು. ಅಷ್ಟೂ ಹೊತ್ತಿನಲ್ಲಿ, ಬೆಳೆದು ನಿಂತ ಆ ಪ್ರಾಣಿ ತೆರೆಯ ಮೇಲೆ ಕಾಣಿಸುವುದು ತುಣುಕುಗಳನ್ನೆಲ್ಲ ಕೂಡಿಸಿದರೂ ನಾಲ್ಕೈದು ನಿಮಿಷ ಮಾತ್ರ. ಉಳಿದದ್ದೆಲ್ಲ ಪೈಪುಗಳು, ಕತ್ತಲ ಕಾರಿಡಾರು, ತೊಟ್ಟಿಕ್ಕುವ ನೀರು, ನೇತಾಡುವ ಸರಪಳಿ, ಬೋನಸ್ ವಿಷಯಕ್ಕೆ ಗೊಣಗುವ ಇಬ್ಬರು ಕೆಲಸಗಾರರು, ಒಂದು ಬೆಕ್ಕು. ಆದರೂ ಸಿನಿಮಾ ನೋಡಿ ಎದ್ದವರನ್ನು ಕೇಳಿ ನೋಡಿ. ಎರಡು ಗಂಟೆಯೂ ಆ ಪ್ರಾಣಿಯನ್ನೇ ನೋಡಿದ ಹಾಗೆ ಮಾತಾಡುತ್ತಾರೆ.

1979ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಸಿನಿಮಾ ಇದು. ನಮ್ಮಲ್ಲಿ ಅನಂತನಾಗ್–ಲಕ್ಷ್ಮಿ ಜೋಡಿಯ ‘ನಾ ನಿನ್ನ ಬಿಡಲಾರೆ’ ಬಂದು ಊರೂರಿನ ಜನರನ್ನು ಹೆದರಿಸಿದ್ದೂ ಅದೇ ವರ್ಷ. ನಾನಂತೂ ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ. ಅಷ್ಟು ಹಳೆಯದನ್ನು ನಮ್ಮ ಹಾಸ್ಟೆಲ್‌ನಲ್ಲಿ ಒಂದು ಶನಿವಾರ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಹಾಕಿದೆವು. ಮೊದಲ ಅರ್ಧ ಗಂಟೆ ‘ಏನಿದು, ಬರೀ ನಡೀತಾನೇ ಇದಾರೆ’ ಎಂದು ಹಲ್ಲು ಕಡಿದವರು, ಸಿನಿಮಾ ಮುಗಿದ ಮೇಲೆ ಕಾರಿಡಾರಿನ ಕೊನೆಯ ಬಾತ್‌ರೂಮಿಗೆ ಹೋಗಲು ಜೊತೆ ಹುಡುಕುತ್ತಿದ್ದರು.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ, ಆರನೇ ಸೆಮಿಸ್ಟರ್. ಕ್ಲಾಸಿನ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ವಿಚಿತ್ರ ಪ್ರಾಣಿಗಳನ್ನು ಬಿಡಿಸುವುದು ಪಿಯುಸಿಯಿಂದ ಅಂಟಿಕೊಂಡ ಚಟ. ಹಾಗಾಗಿ ಸಿನಿಮಾಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಆ ಸಿನಿಮಾಕ್ಕೂ ಮೊದಲೇ ಕಾಗದದ ಮೇಲೆ ಬಂದ ಚಿತ್ರಗಳು. ಕಾನ್ಸೆಪ್ಟ್ ಆರ್ಟ್ ಎಂದರೆ ಇದೇ. ಅದು ಪೋಸ್ಟರ್ ಅಲ್ಲ, ಗೋಡೆಗೆ ತೂಗುಹಾಕುವ ಪೇಂಟಿಂಗೂ ಅಲ್ಲ. ಇನ್ನೂ ಇಲ್ಲದ ಒಂದು ಜಾಗ ಅಥವಾ ಜೀವಿಯನ್ನು ಸೆಟ್ ಹಾಕುವ ಬಡಗಿಗೆ, ಅಚ್ಚು ತೆಗೆಯುವವರಿಗೆ, ಬಟ್ಟೆ ಹೊಲಿಯುವವರಿಗೆ, ಲೈಟ್ ಇಡುವವರಿಗೆ ಮುಂಚಿತವಾಗಿ ತೋರಿಸುವ ಚಿತ್ರ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ವರ್ಕ್‌ಶಾಪಿಗೆ ಹೋಗುವ ಡ್ರಾಯಿಂಗ್‌ನ ಅಜ್ಜ.

ಈ ಚಿತ್ರಗಳಿಗೆ ಎಷ್ಟು ಬೆಲೆ ಇದೆ ಎನ್ನುವುದಕ್ಕೆ ‘ಏಲಿಯನ್’ನದೇ ಒಂದು ಲೆಕ್ಕ ಇದೆ. ನಿರ್ದೇಶಕ ರಿಡ್ಲಿ ಸ್ಕಾಟ್ ಸ್ವತಃ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದವರು. ಸಿನಿಮಾ ಒಪ್ಪಿಕೊಂಡ ಮೇಲೆ ಕೂತು, ದೃಶ್ಯ ದೃಶ್ಯವನ್ನೂ ಚೌಕ ಚೌಕವಾಗಿ ಬರೆದು ನಿರ್ಮಾಣ ಸಂಸ್ಥೆಗೆ ತೋರಿಸಿದರು. ಸುಮಾರು 42 ಲಕ್ಷ ಡಾಲರ್ ಇದ್ದ ಬಜೆಟ್ 84 ಲಕ್ಷಕ್ಕೆ ಏರಿತು. ಒಂದು ಅಡಿ ರೀಲೂ ಓಡಿರಲಿಲ್ಲ. ಪೆನ್ಸಿಲ್ ಚಿತ್ರಗಳನ್ನು ನೋಡಿಯೇ ಹಣ ಇಮ್ಮಡಿಯಾಯಿತು. ಈ ಸಂಗತಿಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ‘ಹಣ ಯಾರಿಗೆ ಹೋಯ್ತು, ಬರೆದವನಿಗೋ ಸೆಟ್‌ನವನಿಗೋ?’ ಎಂದು ಕೇಳಿದರು. ಅಪ್ಪನದು ಪಂಪ್‌ಸೆಟ್ ರಿಪೇರಿ ಅಂಗಡಿ. ಪ್ರಶ್ನೆ ಯಾವಾಗಲೂ ಅದೇ ಜಾತಿಯದು.

ಆ ಸಿನಿಮಾಕ್ಕೆ ಚಿತ್ರ ಬರೆದವರು ಒಬ್ಬರಲ್ಲ. ಆದರೆ ನನ್ನ ಮಾತಿಗೆ ಬೇಕಾದವರು ಇಬ್ಬರು. ಒಬ್ಬರು ರಾನ್ ಕಾಬ್, ಇನ್ನೊಬ್ಬರು ಎಚ್.ಆರ್. ಗೀಗರ್. ಇಬ್ಬರನ್ನೂ ಸಿನಿಮಾಕ್ಕೆ ಎಳೆದು ತಂದವರು ಕಥೆ ಬರೆದ ಡ್ಯಾನ್ ಒಬ್ಯಾನನ್. ಅವರಿಗೂ ಗೀಗರ್‌ಗೂ ನಂಟು ಬೆಸೆದದ್ದು ಎಪ್ಪತ್ತರ ದಶಕದ ನಡುವೆ, ಪ್ಯಾರಿಸ್ಸಿನಲ್ಲಿ ಹೊಡೊರೊವ್ಸ್ಕಿ ಎಂಬ ನಿರ್ದೇಶಕರು ‘ಡ್ಯೂನ್’ ಕಾದಂಬರಿಯನ್ನು ಸಿನಿಮಾ ಮಾಡಲು ಹೊರಟಾಗ. ಆ ಸಿನಿಮಾ ಆಗಲೇ ಇಲ್ಲ. ದುಡ್ಡು ಹುಟ್ಟದೆ ನಿಂತುಹೋಯಿತು. ಒಬ್ಯಾನನ್ ಕೈಯಲ್ಲಿ ಕಾಸಿಲ್ಲದೆ ಅಮೆರಿಕಕ್ಕೆ ಮರಳಿ, ಗೆಳೆಯನ ಮನೆಯ ಸೋಫಾದಲ್ಲಿ ಮಲಗಿ ದಿನ ದೂಡಿದರು. ಹಾಗೆ ಮಲಗಿದ್ದ ದಿನಗಳಲ್ಲೇ ‘ಏಲಿಯನ್’ ಕಥೆ ಹುಟ್ಟಿದ್ದು. ಬ್ಯಾಕ್‌ಲಾಗ್ ಇರುವವರು ಬೇಕಿದ್ದರೆ ಧೈರ್ಯ ತೆಗೆದುಕೊಳ್ಳಬಹುದು!

ಕಾಬ್ ಎಲ್ಲಿಯೂ ಕ್ರಮವಾಗಿ ಚಿತ್ರಕಲೆ ಓದಿದವರಲ್ಲ. ಹದಿಹರೆಯದಲ್ಲೇ ಡಿಸ್ನಿ ಸ್ಟುಡಿಯೊ ಸೇರಿ ‘ಸ್ಲೀಪಿಂಗ್ ಬ್ಯೂಟಿ’ಯ ಚಿತ್ರಗಳ ನಡುವಿನ ಚಿತ್ರಗಳನ್ನು ಬರೆದವರು. ‘ಏಲಿಯನ್’ನಲ್ಲಿ ಮನುಷ್ಯರು ಓಡಾಡುವ ಹಡಗು ನೊಸ್ಟ್ರೊಮೊದ ಒಳಗನ್ನು ಅವರು ಬರೆದರು. ಆ ಚಿತ್ರಗಳನ್ನು ನೋಡಿದರೆ ನನ್ನಂಥವನಿಗೆ ಮನೆಗೆ ಬಂದ ಹಾಗಾಗುತ್ತದೆ. ಬಾಗಿಲು ಯಾವ ಕಡೆ ಜಾರುತ್ತದೆ, ಗಾಳಿ ಎಲ್ಲಿಂದ ಬರುತ್ತದೆ, ತಲೆ ತಾಗದ ಹಾಗೆ ಪ್ಯಾಡಿಂಗ್ ಎಲ್ಲಿರಬೇಕು ಎಲ್ಲಕ್ಕೂ ಉತ್ತರ ಇದೆ. ಹಡಗಿನ ಗೋಡೆಗಳಿಗೆ ಅಂಟಿಸಲು ಅವರು ಸಣ್ಣ ಚೌಕದ ಚಿಹ್ನೆಗಳ ಒಂದು ಇಡೀ ಸರಣಿಯನ್ನೇ ಮಾಡಿದ್ದಾರೆ. ಇಲ್ಲಿ ಗಾಳಿಯ ಒತ್ತಡ ಇಲ್ಲ, ಇಲ್ಲಿ ಗುರುತ್ವ ಇಲ್ಲ, ಇದು ಏರ್‌ಲಾಕ್ ಎಂದು ಹೇಳುವ ಚಿಹ್ನೆಗಳು. ಬಸ್‌ಸ್ಟ್ಯಾಂಡಿನ ಶೌಚಾಲಯದ ಬೋರ್ಡಿನಷ್ಟು ಸರಳ. ಸಿನಿಮಾದಲ್ಲಿ ಅವುಗಳತ್ತ ಕ್ಯಾಮೆರಾ ವಿಶೇಷವಾಗಿ ತಿರುಗುವುದೇ ಇಲ್ಲ. ಆದರೂ ಅವರು ಬರೆದರು.

ಸೆಟ್ಟನ್ನೂ ಹಾಗೆಯೇ ಕಟ್ಟಿದರು. ಹಳೇ ವಿಮಾನಗಳ ಗುಜರಿ ತಂದು, ಬಿಡಿಭಾಗಗಳನ್ನು ಗೋಡೆಗೆ ಜೋಡಿಸಿ ಒಂದಕ್ಕೊಂದು ಸೇರಿದ ಕೋಣೆಗಳನ್ನು ಮಾಡಿದರು. ನಟರು ಒಳಗೆ ಹೋದರೆ ನಿಜವಾಗಿಯೂ ಕಾರಿಡಾರ್ ದಾಟಿಯೇ ಹೊರಬರಬೇಕು. ಹೀಗೆ ಅರ್ಧ ಗಂಟೆಯೊಳಗೆ ನಮಗೂ ಆ ಹಡಗು ಪರಿಚಿತವಾಗಿಬಿಡುತ್ತದೆ. ಊಟದ ಮೇಜು ಎಲ್ಲಿ, ಕಾಫಿ ಎಲ್ಲಿ, ಎಂಜಿನ್ ರೂಮಿನವರು ಯಾಕೆ ಮೇಲಿನವರ ಮೇಲೆ ಸಿಟ್ಟಾಗಿದ್ದಾರೆ, ಎಲ್ಲ ಗೊತ್ತು. ಅದೊಂದು ಸರಕು ಲಾರಿ, ಅಷ್ಟೆ. ಆಕಾಶದಲ್ಲಿ ಓಡುತ್ತದೆ.

ಆಮೇಲೆ ಮೂವರು ಆ ಲಾರಿಯಿಂದಿಳಿದು, ಅಪರಿಚಿತ ಗ್ರಹದಲ್ಲಿ ಬಿದ್ದಿರುವ ಇನ್ನೊಂದು ಹಡಗಿನೊಳಗೆ ಹೋಗುತ್ತಾರೆ. ಇದು ಗೀಗರ್ ಬರೆದದ್ದು. ಇಲ್ಲಿ ಒಂದು ಬೋರ್ಡೂ ಇಲ್ಲ. ಬಾಗಿಲು ಎನ್ನಬಹುದಾದದ್ದು ಬಾಗಿಲಿನ ಹಾಗಿಲ್ಲ. ಗೋಡೆಗಳು ಪಕ್ಕೆಲುಬಿನಂತೆ ಬಾಗಿವೆ. ಮಧ್ಯದಲ್ಲಿ ಸುಮಾರು 26 ಅಡಿ ಎತ್ತರದ ಒಂದು ಆಸನ, ಅದರಲ್ಲಿ ಎಂದೋ ಸತ್ತು ಕಲ್ಲಾದ ಒಂದು ದೈತ್ಯ ಜೀವಿ. ಅದು ಆಸನದಲ್ಲಿ ಕೂತಿದೆಯೋ, ಆಸನದಿಂದಲೇ ಬೆಳೆದಿದೆಯೋ ಹೇಳಲಾಗುವುದಿಲ್ಲ. ಆಸನದ ಮುಂದಿನದು ದೂರದರ್ಶಕವೋ ಫಿರಂಗಿಯೋ ಗೊತ್ತಾಗುವುದಿಲ್ಲ. ಒಂದೇ ದೃಶ್ಯಕ್ಕೆ ಇಷ್ಟು ಖರ್ಚು ಬೇಕೇ ಎಂದು ನಿರ್ಮಾಣ ಸಂಸ್ಥೆಯವರು ತಕರಾರು ತೆಗೆದಿದ್ದರಂತೆ. ಆ ಸೆಟ್ ಇನ್ನೂ ದೊಡ್ಡದಾಗಿ ಕಾಣಲಿ ಎಂದು ರಿಡ್ಲಿ ಸ್ಕಾಟ್ ತಮ್ಮ ಮಕ್ಕಳಿಗೇ ಚಿಕ್ಕ ಬಾಹ್ಯಾಕಾಶ ಉಡುಪು ತೊಡಿಸಿ ದೂರದ ಶಾಟ್‌ನಲ್ಲಿ ನಡೆಸಿದರು. ಜುಗಾಡ್ ಎನ್ನುವುದು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ.

ನನಗೆ ಅನ್ನಿಸುವುದು ಇಷ್ಟು. ಗೀಗರ್‌ನ ಹಡಗು ಅಷ್ಟು ಹೆದರಿಸುವುದು ಅದಕ್ಕೂ ಮೊದಲು ಕಾಬ್‌ನ ಹಡಗಿನಲ್ಲಿ ನಾವು ಓಡಾಡಿ ಬಂದದ್ದರಿಂದ. ಎಲ್ಲಕ್ಕೂ ಹೆಸರಿರುವ ಜಾಗದಿಂದ ಯಾವುದಕ್ಕೂ ಹೆಸರಿಲ್ಲದ ಜಾಗಕ್ಕೆ ಒಮ್ಮೆಲೇ ತಳ್ಳುತ್ತಾರೆ. ಮೊದಲಿಂದ ಕೊನೆಯವರೆಗೂ ಎಲುಬು, ತಲೆಬುರುಡೆ, ಮಂಜು ತುಂಬಿದ ಹಾರರ್ ಸಿನಿಮಾಗಳು ಎಷ್ಟು ಬಂದಿಲ್ಲ? ಇಪ್ಪತ್ತು ನಿಮಿಷಕ್ಕೆ ಆಕಳಿಕೆ ಬರುತ್ತದೆ. ಅಲ್ಲಿ ಕಾಬ್ ಇಲ್ಲ, ಬರೀ ಗೀಗರ್‌ನ ನಕಲು.

ಗೀಗರ್ ಹುಟ್ಟಿದ್ದು 1940ರಲ್ಲಿ, ಸ್ವಿಟ್ಜರ್ಲೆಂಡಿನ ಖೂರ್ ಎಂಬ ಊರಿನಲ್ಲಿ. ತಂದೆ ಔಷಧದಂಗಡಿ ಇಟ್ಟವರು. ಚಿತ್ರ ಬರೆಯುವುದು ಅನ್ನ ಹುಟ್ಟದ ವಿದ್ಯೆ, ಮಗ ಫಾರ್ಮಸಿ ಓದಲಿ ಎಂಬುದು ಅವರ ಆಸೆ. ಈ ಸಾಲು ಓದಿದಾಗ ನಾನು ನಕ್ಕುಬಿಟ್ಟೆ. ಆಲ್ಪ್ಸ್ ಪರ್ವತದ ಬುಡದಲ್ಲೂ ಅಪ್ಪಂದಿರು ಅಪ್ಪಂದಿರೇ. ಕೊನೆಗೆ ಗೀಗರ್ ಜ್ಯೂರಿಕ್‌ಗೆ ಹೋಗಿ ಓದಿದ್ದು ವಾಸ್ತುಶಿಲ್ಪ ಮತ್ತು ಇಂಡಸ್ಟ್ರಿಯಲ್ ಡಿಸೈನ್. ಇದು ಬಹಳ ಜನರಿಗೆ ಗೊತ್ತಿಲ್ಲ. ದುಃಸ್ವಪ್ನಗಳಿಂದ ಬೆಚ್ಚಿ ಏಳುತ್ತಿದ್ದ, ಕಂಡದ್ದನ್ನು ಏರ್‌ಬ್ರಷ್‌ನಿಂದ ಬರೆಯುತ್ತಿದ್ದ ಮನುಷ್ಯ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಕನಸು ಎಲ್ಲರಿಗೂ ಬೀಳುತ್ತದೆ. ಬಿದ್ದ ಕನಸಿಗೆ ಕೀಲು ಎಲ್ಲಿ, ಕೊಳವೆ ಎಲ್ಲಿ ಎಂದು ಯೋಚಿಸಲು ಡಿಸೈನ್ ಕಲಿತಿರಬೇಕು.

ತಮ್ಮ ಶೈಲಿಯನ್ನು ಅವರು ಬಯೋಮೆಕಾನಿಕಲ್ ಎಂದು ಕರೆದರು. ಥರ್ಮಲ್ ಲ್ಯಾಬಿನಲ್ಲಿ ಹೀಟ್ ಎಕ್ಸ್‌ಚೇಂಜರ್ ಬಿಚ್ಚಿ ನೋಡಿದವರಿಗೆ ಅವರ ಚಿತ್ರ ತೋರಿಸಿದರೆ ಒಂದು ಕ್ಷಣ ಗುರುತು ಹತ್ತುತ್ತದೆ. ಸಾಲು ಟ್ಯೂಬು, ಫಿನ್ನು, ಹೋಸ್ ಎಲ್ಲ ಅಲ್ಲಿವೆ. ಮರುಕ್ಷಣ ಅದೇ ಹೋಸ್ ಗಂಟಲಾಗುತ್ತದೆ, ಫಿನ್ನು ಬೆನ್ನುಮೂಳೆಯಾಗುತ್ತದೆ. ಎಲ್ಲಿಯವರೆಗೆ ಯಂತ್ರ, ಎಲ್ಲಿಂದ ದೇಹ ಎಂದು ಗೆರೆ ಎಳೆಯಲು ಹೋದರೆ ಕೈ ನಿಲ್ಲುತ್ತದೆ. ನಾನು ಒಂದು ಪ್ರಿಂಟ್ ತೆಗೆದು ಕೆಂಪು ಪೆನ್ನಿನಿಂದ ನಿಜಕ್ಕೂ ಎಳೆಯಲು ಕೂತಿದ್ದೆ. ಆಗಲಿಲ್ಲ.

ಹೀಗೆ ಅರ್ಧಕ್ಕೆ ನಿಂತ ಗುರುತೇ ಮೈ ಜುಮ್ಮೆನಿಸುತ್ತದೆ ಎಂದು ಒಬ್ಬ ಎಂಜಿನಿಯರ್ ಬಹಳ ಹಿಂದೆಯೇ ಬರೆದಿದ್ದಾರೆ. ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ, 1970ರಲ್ಲಿ. ಅವರು ಕೊಟ್ಟ ಉದಾಹರಣೆ ಕೃತಕ ಕೈಯದು. ನೋಡಲು ಥೇಟ್ ನಿಜವಾದ ಕೈ. ಕುಲುಕಲು ಹಿಡಿದರೆ ತಣ್ಣಗಿದೆ, ಒಳಗೆ ಎಲುಬಿನ ಹಿಡಿತವಿಲ್ಲ. ಆ ಕ್ಷಣದಲ್ಲಿ ಅದು ಕೈಯೂ ಅಲ್ಲ, ವಸ್ತುವೂ ಅಲ್ಲ. ಮನುಷ್ಯನನ್ನು ಹೋಲುತ್ತ ಹೋಲುತ್ತ ಇನ್ನೇನು ಮನುಷ್ಯನೇ ಎನ್ನುವ ಹಂತದಲ್ಲಿ ಇಷ್ಟ ಎನ್ನುವುದು ಧಡಕ್ಕನೆ ಕುಸಿಯುತ್ತದೆ ಎಂದು ಅವರು ಗ್ರಾಫ್ ಎಳೆದು ತೋರಿಸಿದರು.

ಈಗ ಕಣ್ಣಿನ ವಿಷಯಕ್ಕೆ ಬರುತ್ತೇನೆ. ಈ ಬರಹ ಬರೆಯಬೇಕು ಎನ್ನಿಸಿದ್ದೇ ಅದರಿಂದ. ರಿಡ್ಲಿ ಸ್ಕಾಟ್ 1977ರಲ್ಲಿ ಪ್ರಕಟವಾದ ಗೀಗರ್‌ನ ‘ನೆಕ್ರೊನಾಮಿಕಾನ್’ ಪುಸ್ತಕ ತಿರುವಿ, ಒಂದು ಚಿತ್ರದ ಬಳಿ ನಿಂತು ನಮ್ಮ ಪ್ರಾಣಿ ಇದೇ ಎಂದು ನಿರ್ಧರಿಸಿದರು. ಆ ಚಿತ್ರದ ಜೀವಿಗೆ ಉದ್ದ ತಲೆ, ಬೈಕ್ ಸವಾರರ ಗಾಗಲ್ಸ್‌ನಂಥ ದೊಡ್ಡ ಕಪ್ಪು ಕಣ್ಣು. ಸಿನಿಮಾಕ್ಕಾಗಿ ತಿದ್ದುವಾಗ ಕಣ್ಣುಗಳನ್ನು ತೆಗೆದೇಬಿಟ್ಟರು. ಹೊಳೆಯುವ ನುಣುಪಾದ ಉದ್ದ ಬುರುಡೆ, ಕೆಳಗೆ ಹಲ್ಲು. ಬುರುಡೆಯ ಮುಂಭಾಗದಲ್ಲಿ, ಪಾರದರ್ಶಕ ಹೊದಿಕೆಯ ಅಡಿಯಲ್ಲಿ, ಮನುಷ್ಯನ ತಲೆಬುರುಡೆಯೊಂದನ್ನು ಕೂರಿಸಿದರು. ಅದು ಸಿನಿಮಾದಲ್ಲಿ ಸರಿಯಾಗಿ ಕಾಣಿಸುವುದೂ ಇಲ್ಲ.

ಕಣ್ಣು ತೆಗೆದರೆ ಏನಾಗುತ್ತದೆ? ನಮ್ಮೂರಿನಲ್ಲಿ ಅಪರಿಚಿತ ನಾಯಿ ಎದುರಾದರೆ ನಾವು ಮೊದಲು ನೋಡುವುದು ಅದರ ಕಣ್ಣು. ಕಚ್ಚುತ್ತದೋ, ದಾರಿ ಬಿಡುತ್ತದೋ, ಅದಕ್ಕೇ ಹೆದರಿಕೆಯೋ ಎಂದು ಅಲ್ಲಿಂದಲೇ ಓದುತ್ತೇವೆ. ಕಣ್ಣಿಲ್ಲದ ಪ್ರಾಣಿ ಯಾರತ್ತ ನೋಡುತ್ತಿದೆ, ನೋಡುತ್ತಿದೆಯೋ ಇಲ್ಲವೋ, ಒಂದೂ ಗೊತ್ತಾಗುವುದಿಲ್ಲ. ಸಿಟ್ಟಿದೆಯೋ ಹಸಿವಿದೆಯೋ ತಿಳಿಯದು. ಕೊನೆಗೆ ಅದು ನಮ್ಮನ್ನೇ ನೋಡುತ್ತಿದೆ ಎಂದು ನಾವೇ ತೀರ್ಮಾನಿಸುತ್ತೇವೆ. ಹೆಚ್ಚು ಗೆರೆ ಎಳೆದು ಹೆದರಿಸುವುದು ನನ್ನಂಥವರ ಹುಮ್ಮಸ್ಸು. ಎರಡು ಗೆರೆ ಅಳಿಸಿ ಹೆದರಿಸಿದ್ದು ಅವರ ತಲೆ.

ಇದಕ್ಕೆ ಪಕ್ಕಾ ಜೋಡಿ ಎನ್ನಬಹುದಾದ್ದು 2006ರ ಸ್ಪ್ಯಾನಿಷ್ ಸಿನಿಮಾ ‘ಪ್ಯಾನ್ಸ್ ಲ್ಯಾಬಿರಿಂತ್’ನಲ್ಲಿದೆ. ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ ಯಾವಾಗಲೂ ನೋಟ್‌ಬುಕ್ಕಿನಲ್ಲಿ ಚಿತ್ರ ಗೀಚುತ್ತ, ಬರೆಯುತ್ತ ಸಿನಿಮಾ ಕಟ್ಟುವವರು. ಆ ನೋಟ್‌ಬುಕ್ಕನ್ನು ಒಮ್ಮೆ ಲಂಡನ್ನಿನಲ್ಲಿ ಟ್ಯಾಕ್ಸಿಯಲ್ಲಿ ಮರೆತು, ಚಾಲಕ ಅದನ್ನು ಹುಡುಕಿ ತಂದುಕೊಟ್ಟ ಕಥೆಯೂ ಇದೆ. ಅದರಲ್ಲಿ ಬರುವ ಬಿಳಿಚಿದ ಮನುಷ್ಯನನ್ನು ನೋಡಿದವರು ಮರೆಯಲಾರರು. ತುಂಬಿದ ಊಟದ ಮೇಜಿನ ತುದಿಯಲ್ಲಿ ಅಲುಗಾಡದೆ ಕೂತಿದ್ದಾನೆ. ಮೈಮೇಲೆ ಜೋಲುವ ಚರ್ಮ. ಮುಖದಲ್ಲಿ ಮೂಗಿನ ಹೊಳ್ಳೆ, ಬಾಯಿ ಬಿಟ್ಟರೆ ಏನಿಲ್ಲ. ಕಣ್ಣುಗುಡ್ಡೆಗಳೆರಡು ಮುಂದಿನ ತಟ್ಟೆಯಲ್ಲಿವೆ. ಎಚ್ಚರವಾದಾಗ ಅವುಗಳನ್ನೆತ್ತಿ ಅಂಗೈಯ ಗುಳಿಗಳಲ್ಲಿ ಕೂರಿಸಿಕೊಂಡು, ಕೈಯನ್ನು ಮುಖದ ಮುಂದೆ ಹಿಡಿದು ಹುಡುಗಿಯನ್ನು ಹುಡುಕುತ್ತಾನೆ. ಮೊದಲು ಆ ಜೀವಿಗೆ ಮಾಮೂಲಿ ಮುದುಕನ ಮುಖವನ್ನೇ ಮಾಡಿದ್ದರಂತೆ. ಡೆಲ್ ಟೊರೊ ಅದನ್ನು ಒರೆಸಿಹಾಕಿ ಎಂದರು. ಒಳಗಿದ್ದ ನಟ ಡಗ್ ಜೋನ್ಸ್‌ಗೆ ಹೊರಗಿನದು ಕಾಣುತ್ತಿದ್ದದ್ದು ಮುಖವಾಡದ ಮೂಗಿನ ಹೊಳ್ಳೆಯಿಂದ.

ಆ ದೃಶ್ಯದಲ್ಲಿ ಮೂಲೆಯಲ್ಲೊಂದು ಮಕ್ಕಳ ಚಪ್ಪಲಿ–ಬೂಟುಗಳ ರಾಶಿ ಇದೆ. ಯಾರೂ ಆ ಬಗ್ಗೆ ಮಾತಾಡುವುದಿಲ್ಲ. ಅದನ್ನೂ ಯಾರೋ ಮೊದಲು ಯೋಚಿಸಿಯೇ ಇಟ್ಟಿರಬೇಕು. ಮೊದಲ ಸಲ ನಾನು ಗಮನಿಸಿರಲಿಲ್ಲ. ಎರಡನೇ ಸಲ ಗಮನಿಸಿದ ಮೇಲೆ ಸಿನಿಮಾ ಸ್ವಲ್ಪ ಹೊತ್ತು ನಿಲ್ಲಿಸಿದೆ.

ಹೆದರಿಕೆಯಾದರೂ ಮತ್ತೆ ಯಾಕೆ ನೋಡುತ್ತೇವೆ? ಗುಟ್ಟು ಗೊತ್ತಾದರೆ ಭಯ ಹೋಗುತ್ತದೆ ಎನ್ನುತ್ತಾರೆ. ಏಲಿಯನ್‌ನ ಬಾಯಿಂದ ಸುರಿಯುವ ಲೋಳೆ ಮೆಡಿಕಲ್ ಶಾಪಿನಲ್ಲಿ ಸಿಗುವ ಒಂದು ಜೆಲ್ಲಿ ಎಂದು ನನಗೆ ಗೊತ್ತು. ಮೊಟ್ಟೆಗಳ ಗುಹೆಯ ನೀಲಿ ಬೆಳಕು ‘ದಿ ಹೂ’ ಎಂಬ ರಾಕ್ ಬ್ಯಾಂಡ್‌ನವರು ತಮ್ಮ ಕಾರ್ಯಕ್ರಮಕ್ಕೆ ಪರೀಕ್ಷಿಸುತ್ತಿದ್ದ ಲೇಸರನ್ನು ಎರವಲು ತಂದದ್ದು ಎಂದೂ ಗೊತ್ತು. ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತದೆ.

ನಾನು ಕಾರ್ಕಳದ ಕಡೆಯವನು. ಹರಕೆ ಆಟಕ್ಕೆ ‘ದೇವಿ ಮಹಾತ್ಮೆ’ ಇದ್ದರೆ, ನಡುರಾತ್ರಿ ಮಹಿಷಾಸುರ ಬರುವುದು ರಂಗಸ್ಥಳದ ಪರದೆಯ ಹಿಂದಿನಿಂದಲ್ಲ. ಪ್ರೇಕ್ಷಕರ ಬೆನ್ನ ಹಿಂದಿನಿಂದ. ಮೊದಲು ದೂರದ ಗದ್ದೆಯ ಕಡೆ ಆರ್ಭಟ ಕೇಳುತ್ತದೆ. ಆಮೇಲೆ ದೊಂದಿಯ ಬೆಳಕು. ರಾಳ ಎರಚಿದಾಗೆಲ್ಲ ಭಗ್ಗನೆ ಬೆಂಕಿ ಎದ್ದು ಎರಡು ಕೋಡು ಮಾತ್ರ ಕಂಡು ಮಾಯವಾಗುತ್ತವೆ. ಅಮ್ಮನ ಸೀರೆಯೊಳಗೆ ಮುಖ ಹುದುಗಿಸಿದ ನನ್ನಂಥ ಮಕ್ಕಳಿಗೆ ಅವನು ರಂಗಸ್ಥಳ ತಲಪುವ ಹೊತ್ತಿಗೆ ಹೆದರಿಕೆ ಅರ್ಧ ಇಳಿದಿರುತ್ತಿತ್ತು. ಇನ್ನೂ ಬರದೇ ಇದ್ದಾಗಿನದೇ ದೊಡ್ಡ ಹೆದರಿಕೆ. ಎಂಟನೇ ಕ್ಲಾಸಿನಲ್ಲಿ ಇನ್ನೊಂದು ಆಟದ ದಿನ ಚೌಕಿಗೆ ನುಗ್ಗಿದ್ದೆ. ಬಣ್ಣದ ವೇಷದವರೊಬ್ಬರು ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಒಂದೊಂದೇ ಮುಳ್ಳಾಗಿ ಮುಖಕ್ಕೆ ಇಡುತ್ತ ಕೂತಿದ್ದರು. ಗಂಟೆಗಟ್ಟಲೆ ಕೆಲಸ. ನನ್ನನ್ನು ಕಂಡು ‘ಮಗಾ, ಒಂದು ಚಾ ಹೇಳ್ತೀಯಾ?’ ಎಂದರು. ಚಾ ತಂದು ಕೊಟ್ಟೆ, ಅವರು ಸ್ಟ್ರಾ ಹಾಕಿ ಕುಡಿದರು. ಅದೇ ಮುಖ ರಾತ್ರಿ ಎರಡು ಗಂಟೆಗೆ ತೆರೆಯ ಮೇಲಿಂದ ಇಣುಕಿದಾಗ, ಚಾ ಕೊಟ್ಟ ಹುಡುಗನೇ ಹಿಂದಿನ ಸಾಲಿಗೆ ಓಡಿದ್ದು.

ಏಲಿಯನ್‌ನ ವೇಷದೊಳಗಿದ್ದವರು ಯಾರು ಗೊತ್ತೇ? ಒಬ್ಬ ವಿದ್ಯಾರ್ಥಿ. ನೈಜೀರಿಯಾದವರು, ಹೆಸರು ಬೊಲಾಜಿ ಬದೇಜೊ. ಲಂಡನ್ನಿನಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದರು. ಎತ್ತರ 6 ಅಡಿ 10 ಇಂಚು. ಒಂದು ಪಬ್‌ನಲ್ಲಿ ಸಿನಿಮಾದವರ ಕಣ್ಣಿಗೆ ಬಿದ್ದು ಆಯ್ಕೆಯಾದರು. ಮನುಷ್ಯರ ಹಾಗೆ ನಡೆಯಬಾರದು ಎಂದು ಅವರಿಗೆ ತಾಯ್ ಚಿ, ಮೂಕಾಭಿನಯದ ತರಬೇತಿ ಕೊಡಿಸಿದರು. ತೋಳು ಕಾಲುಗಳ ಉದ್ದ ಎಷ್ಟಿದೆಯೆಂದರೆ, ಒಳಗೊಬ್ಬ ಮನುಷ್ಯನಿದ್ದಾನೆ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂರುವುದೇ ಇಲ್ಲ. 1992ರಲ್ಲಿ ಅವರು ತೀರಿಕೊಂಡರು. ಆ ಪಾತ್ರ ಬಿಟ್ಟರೆ ಸಿನಿಮಾದಲ್ಲಿ ಅವರ ಹೆಸರು ಎಲ್ಲಿಯೂ ಇಲ್ಲ. ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಬಂದಾಗ ಗೀಗರ್, ತಲೆ ಮತ್ತು ದವಡೆಯ ಯಂತ್ರ ಮಾಡಿದ ಕಾರ್ಲೊ ರಂಬಾಲ್ಡಿ ಮೊದಲಾದ ಐವರು ಹಂಚಿಕೊಂಡರು.

ಮೆಷೀನ್ ಡ್ರಾಯಿಂಗ್ ಕ್ಲಾಸಿನಲ್ಲಿ ನಮಗೆ ಮೊದಲು ಕಲಿಸುವುದು ಏನನ್ನೂ ಮುಚ್ಚಿಡಬಾರದು ಎಂದು. ಮುಂದಿನ ನೋಟ, ಪಕ್ಕದ ನೋಟ, ಮೇಲಿನ ನೋಟ. ಒಳಗೆ ಅಡಗಿದ ಅಂಚುಗಳನ್ನು ತುಂಡು ಗೆರೆಯಲ್ಲಿ ತೋರಿಸದಿದ್ದರೆ ಅಂಕ ಕಟ್. ಈ ಪ್ರಾಣಿಗಳನ್ನು ಬರೆದವರು ಆ ತುಂಡು ಗೆರೆಗಳನ್ನು ನಮಗೆ ತೋರಿಸುವುದಿಲ್ಲ. ಆದರೆ ಅವು ಎಲ್ಲಿವೆ ಎಂದು ಅವರಿಗೆ ಗೊತ್ತಿದೆ. ಏಲಿಯನ್‌ನ ರಕ್ತ ಆಸಿಡ್ ಎಂಬ ಉಪಾಯ ಹೊಳೆದದ್ದು ಕಥೆಗಾರರಿಗಲ್ಲ, ರಾನ್ ಕಾಬ್‌ಗೆ. ಇಷ್ಟೊಂದು ಜನ ಸೇರಿ ಒಂದು ಪ್ರಾಣಿಯನ್ನು ಗುಂಡಿಕ್ಕಿ ಕೊಲ್ಲಬಹುದಲ್ಲ ಎಂಬ ತೊಡಕಿಗೆ ಅದು ಉತ್ತರ. ಗುಂಡು ಹೊಡೆದರೆ ಸುರಿದ ರಕ್ತ ಹಡಗಿನ ತಳವನ್ನೇ ಕೊರೆದುಹಾಕುತ್ತದೆ. ಒಂದು ಹನಿ ಬಿದ್ದು ಅಂತಸ್ತಿನಿಂದ ಅಂತಸ್ತಿಗೆ ತೂತು ಕೊರೆಯುತ್ತ ಇಳಿಯುವಾಗ ಸಿಬ್ಬಂದಿ ಮೆಟ್ಟಿಲಿಳಿದು ಓಡುವ ದೃಶ್ಯ ನನಗೆ ಇಡೀ ಸಿನಿಮಾದಲ್ಲೇ ಅಚ್ಚುಮೆಚ್ಚು. ಅಲ್ಲಿ ಪ್ರಾಣಿ ಇಲ್ಲವೇ ಇಲ್ಲ. ಮಟೀರಿಯಲ್ ಸೈನ್ಸ್ ಇದೆ.

ಈಗಂತೂ ನಾಲ್ಕು ಪದ ಟೈಪ್ ಮಾಡಿದರೆ ಎಐ ಅರ್ಧ ನಿಮಿಷದಲ್ಲಿ ಹತ್ತು ಭೂತಗಳನ್ನು ಬಿಡಿಸಿ ಕೊಡುತ್ತದೆ. ನಾನೂ ಆಡಿ ನೋಡಿದ್ದೇನೆ. ಮೊದಲ ನೋಟಕ್ಕೆ ಬೆರಗಾಗುವಷ್ಟು ಚೆನ್ನಾಗಿರುತ್ತವೆ. ಅದೇ ಜೀವಿಯ ಪಕ್ಕದ ನೋಟ ಕೊಡು ಎಂದೆ. ನನಗೆ ಸಿಕ್ಕಿದ್ದು ಅದರ ದಾಯಾದಿ. ಎಡಗೈ ಇದ್ದಲ್ಲಿ ಬಾಲವೋ ಬಟ್ಟೆಯೋ ಗೊತ್ತಾಗದ ಏನೋ ಒಂದು. ನಾಳೆ ಇದೂ ಸುಧಾರಿಸಬಹುದು, ಸುಧಾರಿಸಿದರೆ ನಾನೂ ಬಳಸುತ್ತೇನೆ. ನನ್ನ ತಕರಾರು ಬೇರೆ. ಆ ಹತ್ತರಲ್ಲಿ ಒಂಬತ್ತಕ್ಕೆ ಉರಿಯುವ ಕೆಂಪು ಕಣ್ಣಿತ್ತು. ಯಾಕೆ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ಮುಂದಿನ ಸೆಮಿಸ್ಟರಿಗೆ ಪ್ಲೇಸ್‌ಮೆಂಟ್ ಶುರು. ಗೆಳೆಯರೆಲ್ಲ ಆ್ಯಪ್ಟಿಟ್ಯೂಡ್ ಪುಸ್ತಕ ಹಿಡಿದಿದ್ದಾರೆ. ನನಗೆ ಚಿತ್ರಗಳ ಪೋರ್ಟ್‌ಫೋಲಿಯೊ ಮಾಡಬೇಕು ಎಂದಿದೆ. ಮನೆಯಲ್ಲಿ ಈ ಮಾತೆತ್ತಿದರೆ ಎಲ್ಲರೂ ನೋಡುವುದು ದೊಡ್ಡಮ್ಮನ ಮಗ ಅಣ್ಣನ ಕಡೆಗೆ. ಅಣ್ಣ ಬೆಂಗಳೂರಿನ ಒಂದು ವಿಎಫ್‌ಎಕ್ಸ್ ಕಂಪನಿಯಲ್ಲಿ ಐದು ವರ್ಷ ರೋಟೊಸ್ಕೋಪಿ ಮಾಡಿದವನು. ಎಂದರೆ ಹಾಲಿವುಡ್ ಸಿನಿಮಾಗಳಲ್ಲಿ ನಟರ ಅಂಚನ್ನು ಫ್ರೇಮ್ ಫ್ರೇಮಿಗೂ ಕತ್ತರಿಸಿ ಬೇರ್ಪಡಿಸುವ ಕೆಲಸ. ಸೆಕೆಂಡಿಗೆ 24 ಫ್ರೇಮ್. ಕೂದಲು ಹಾರುವ ದೃಶ್ಯ ಬಂದರೆ ವಾರಪೂರ್ತಿ ಅದೇ ಕೂದಲು. ಒಂದು ಬೆಳಿಗ್ಗೆ ಆಫೀಸಿಗೆ ಬರಬೇಡಿ ಎಂಬ ಮೇಲ್ ಬಂತು, ಕಂಪನಿ ಮುಚ್ಚಿತು. ಬಾಕಿ ಸಂಬಳಕ್ಕೆ ಅವನು ಇನ್ನೂ ಓಡಾಡುತ್ತಿದ್ದಾನೆ. ಈಗ ಮಂಗಳೂರಿನಲ್ಲಿ ಮದುವೆ ಮಂಟಪ ಡಿಸೈನ್ ಮಾಡುವವರ ಜೊತೆ ಇದ್ದಾನೆ. ಊರಿಗೆ ಬಂದಾಗ ತನ್ನ ಡ್ರಾಯಿಂಗ್ ಟ್ಯಾಬ್ಲೆಟ್ಟನ್ನು ನನಗೆ ಕೊಟ್ಟು ‘ನಿಬ್ ಸವೆದಿದೆ, ಹೊಸದು ಹಾಕಿಸ್ಕೋ’ ಎಂದ. ಈ ಕೆಲಸಕ್ಕೆ ಬಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಒಂದು ಮಾತು ಮಾತ್ರ ಹೇಳಿದ. ಐದು ವರ್ಷದಲ್ಲಿ ಅವನು ಅಂಚು ಕತ್ತರಿಸಿದ ನೂರಾರು ಶಾಟ್‌ಗಳಲ್ಲಿ, ರಾಕ್ಷಸ ಪ್ರಾಣಿ ನಿಲ್ಲಬೇಕಾದ ಜಾಗದಲ್ಲಿ ಹೆಚ್ಚಿನ ಸಲ ಇರುತ್ತಿದ್ದದ್ದು ಕೋಲಿಗೆ ಸಿಕ್ಕಿಸಿದ ಒಂದು ಚೆಂಡು. ನಟರು ಅದನ್ನೇ ನೋಡಿ ಕಿರುಚಬೇಕು. ‘ಅವರ ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಯಾವ ಸಿನಿಮಾದಲ್ಲಿ ಅವರಿಗೆ ಮೊದಲೇ ಒಳ್ಳೇ ಚಿತ್ರ ತೋರಿಸಿದಾರೆ, ಯಾವುದ್ರಲ್ಲಿ ಇಲ್ಲ ಅಂತ’ ಎಂದ.

ನಾನಿನ್ನೂ ಯಾವುದನ್ನೂ ತೀರ್ಮಾನಿಸಿಲ್ಲ. ಬೆಳಿಗ್ಗೆ ಆ್ಯಪ್ಟಿಟ್ಯೂಡ್ ಕ್ಲಾಸ್, ರಾತ್ರಿ ಚಿತ್ರ. ಸದ್ಯ ಬಿಡಿಸುತ್ತಿರುವುದು ತೋಟದ ಹಳೇ ಬಾವಿಯೊಳಗೆ ವಾಸಿಸುವ ಒಂದು ಜೀವಿ. ಕೆಟ್ಟ ಪಂಪ್‌ಸೆಟ್ಟುಗಳನ್ನು ಮೈಗೆ ಹಚ್ಚಿಕೊಂಡು ಬೆಳೆದದ್ದು. ಫುಟ್‌ವಾಲ್ವ್ ಅದರ ಬಾಯಿ. ಕಣ್ಣು ಇಲ್ಲ, ಅದನ್ನು ಬೇರೆ ಹೇಳಬೇಕಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ಅಂಗಡಿಯ ಮೇಜಿನ ಮೇಲೆ ಆ ಹಾಳೆ ಬಿಟ್ಟಿದ್ದೆ. ಅಪ್ಪ ಕೈ ಒರೆಸಿಕೊಂಡು ಬಂದವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಇದು ಎಂತ?’ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ.

‘ಇದು ನೀರು ಎಳೆದದ್ದು ಸರಿ, ಹೊರಗೆ ಬಿಡುವುದು ಎಲ್ಲಿಂದ?’ ಎಂದರು.

ನಾನು ಡೆಲಿವರಿ ಪೈಪ್ ಬರೆದಿರಲಿಲ್ಲ. ಬೆನ್ನಿನ ಕಡೆಯಿಂದ ಹೊರಡಿಸೋಣವೇ ಎಂದು ಕೇಳಿದೆ. ಅಪ್ಪ ಪೆನ್ಸಿಲ್ ತೆಗೆದುಕೊಂಡು, ಕುತ್ತಿಗೆಯ ಹತ್ತಿರ ಒಂದು ಬೆಂಡ್ ಹಾಕಿ ತೋರಿಸಿದರು. ಅದಾದ ಮೇಲೆ ಆ ಪ್ರಾಣಿ ತಲೆ ತಗ್ಗಿಸಿ ಏನನ್ನೋ ಆಲಿಸುತ್ತಿರುವ ಹಾಗೆ ಕಾಣುತ್ತಿದೆ. ಪಕ್ಕದ ನೋಟ ಇನ್ನೂ ಬಾಕಿ ಇದೆ.